ತೋಪೂ ಕಣ್ಣೂ

'ತೋಪು' ಎಂಬ ಶಬ್ದಕ್ಕೆ ನಮ್ಮ ಸೀಮೆಯಲ್ಲಿ ಎರಡು ಅರ್ಥಗಳುಂಟು. ಚಿಂತಾಮಣಿಯ ರೈತನನ್ನು ತೋಪಿನ ವಿಷಯವಾಗಿ ಕೇಳಿದರೆ ಆತನು ತನ್ನ ಮಾವಿನ ಮರಗಳನ್ನು ಕುರಿತು ಹೇಳತೊಡಗುತ್ತಾನೆ. ನಂದಿಬೆಟ್ಟದ ಕೋಟೆಯನ್ನು ನೋಡಬಂದ ಪ್ರವಾಸಿಗನಿಗೆ ತೋಪೆಂದರೆ ಆ ಕೋಟೆಯ ಗೋಡೆಯನ್ನು ಒಡೆದ ಆಯುಧ. ಮೊದಲನೆಯದು ನಮಗೂ ತಮಿಳು ತೆಲುಗರಿಗೂ ಸಾಮಾನ್ಯವಾದ ಮಾತು; ಎರಡನೆಯದು ತುರ್ಕಿಯಿಂದ ಹೊರಟು ಪಾರಸಿಯನ್ನು ಹಾದು ನಮ್ಮಲ್ಲಿಗೆ ಬಂದದ್ದು. 'ಫಿರಂಗಿ'ಯಾದರೋ ಅದನ್ನು ತಂದ ಪರಂಗಿಯವರ ಹೆಸರನ್ನೇ ಹೊತ್ತು ನಿಂತಿದೆ. 'ಮದ್ದು' ರೋಗಿಗೂ ಬೇಕು, ಸಿಪಾಯಿಗೂ ಬೇಕು. ಮಂಗಳೂರಿನವರ 'ಬತ್ತೇರಿ' ಇಂಗ್ಲಿಷಿನ ಬ್ಯಾಟರಿಯ ತದ್ಭವ. ಒಂದು ಜನಾಂಗವು ಏನನ್ನು ಕಂಡಿತು, ಏನನ್ನು ಸಹಿಸಿತು ಎಂಬುದು ಅದರ ನಿಘಂಟಿನಲ್ಲಿ ಉಳಿದುಕೊಂಡಿರುತ್ತದೆ. ಗುಂಡಿನ ಸದ್ದನ್ನು ನಮ್ಮವರು ಬೇಕಾದಷ್ಟು ಕೇಳಿದ್ದಾರೆಂಬುದಕ್ಕೆ ಈ ಶಬ್ದಗಳೇ ಸಾಕ್ಷಿ.

ಕನ್ನಡ ಪಂಡಿತನಿಗೆ ತೋಪಿನ ಗೊಡವೆ ಏಕೆಂದು ಕೆಲವರು ಹುಬ್ಬೇರಿಸಬಹುದು. ಇಂಥ ಸಂಚಿಕೆಗಳಲ್ಲಿ ನನ್ನಂಥವರಿಂದ ಛಂದಸ್ಸನ್ನೋ ಶಾಸನವನ್ನೋ ಕುರಿತ ಲೇಖನವನ್ನು ನಿರೀಕ್ಷಿಸುವುದು ವಾಡಿಕೆ. ಆದರೆ ನಮ್ಮ ತರಗತಿಗಳಲ್ಲಿ ಕುಳಿತು ಹಳಗನ್ನಡ ಪದ್ಯಗಳನ್ನು ಬಾಯಿಪಾಠ ಮಾಡಿದ ಹುಡುಗರಲ್ಲಿ ಕೆಲವರು ಸೈನ್ಯಕ್ಕೆ ಸೇರುತ್ತಾರೆ. ಅವರಲ್ಲಿ ಫಿರಂಗಿದಳಕ್ಕೆ ಆಯ್ಕೆಯಾದವರು ನಾಸಿಕ್ ರೋಡಿನ ಶಿಬಿರಕ್ಕೋ ಹೈದರಾಬಾದಿಗೋ ತರಬೇತಿಗೆ ಹೋಗುತ್ತಾರೆ. ರಜೆಯಲ್ಲಿ ಊರಿಗೆ ಬಂದಾಗ ಅವರು ಗುರುಗಳನ್ನು ಕಾಣಲು ಬರುವುದೂ ಉಂಟು. ಅವರು ಮಾಡುತ್ತಿರುವ ಕೆಲಸವೇನೆಂಬುದನ್ನು ಅವರಿಗೆ ಅಕ್ಷರ ಕಲಿಸಿದ ನಾವು ತಿಳಿಯದೆ, 'ಚೆನ್ನಾಗಿದ್ದೀಯಾ' ಎಂದಷ್ಟೇ ಕೇಳಿ ಕಳುಹಿಸುವುದು ಸರಿಯಲ್ಲ.

ಸೈನ್ಯದ ನವೀಕರಣವೆಂದೊಡನೆ ಜನಸಾಮಾನ್ಯರ ಕಣ್ಣಿಗೆ ಕಟ್ಟುವುದು ಉದ್ದನೆಯ ನಳಿಕೆಯ ತೋಪು. ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ನಾವು ಚಪ್ಪಾಳೆ ತಟ್ಟುವುದೂ ಅದಕ್ಕೇ. ಆದರೆ ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಫಿರಂಗಿವಿದ್ಯೆಯಲ್ಲಿ ಆಗಿರುವ ಮುಖ್ಯ ಬದಲಾವಣೆ ನಳಿಕೆಯಲ್ಲಿ ಆದುದಲ್ಲ. ಗುರಿಯನ್ನು ಅರಿಯುವ ಬಗೆಯಲ್ಲಿ ಆದುದು. ತೋಪಿಗೆ ಕಣ್ಣು ಮೂಡಿದ್ದೇ ಅದರ ನವೀಕರಣ. ಈ ಕಣ್ಣು ತಯಾರಾಗುವುದು ಉಕ್ಕಿನ ಕಾರ್ಖಾನೆಗಿಂತ ಮುಂಚಿತವಾಗಿ ಶಾಲೆಯಲ್ಲಿ ಎಂಬುದು ನನ್ನ ಅಭಿಪ್ರಾಯ. ಅದನ್ನು ವಿವರಿಸಲು ಎಲ್ಲಿಗೂ ಹೋಗಬೇಕಾಗಿಲ್ಲ. ನಮ್ಮ ನಾಲ್ಕು ತಾಲ್ಲೂಕುಗಳನ್ನು ಸುತ್ತಿಬಂದರೆ ಸಾಕು.

1791ನೆಯ ಇಸವಿಯನ್ನು ನೆನೆಯೋಣ. ಮೂರನೆಯ ಮೈಸೂರು ಯುದ್ಧದ ಕಾಲ. ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಕೋಟೆ ಕಾರ್ನ್‌ವಾಲಿಸನ ವಶವಾಗಿತ್ತು. ಮಳೆಗಾಲ ಕಳೆಯುತ್ತಲೇ ಆತನು ಬೆಂಗಳೂರಿನ ಈಶಾನ್ಯದ ದುರ್ಗಗಳನ್ನು ಹಿಡಿಯಲು ಮೇಜರ್ ಗೌಡಿ ಎಂಬ ಅಧಿಕಾರಿಯನ್ನು ಕಳುಹಿಸಿದನು. ಚಿಂತಾಮಣಿ ಸೀಮೆಯ ರಹಮಾನ್‌ಗಡವೂ ಅಂಬಾಜಿದುರ್ಗವೂ ಹೆಚ್ಚು ಪ್ರತಿಭಟನೆಯಿಲ್ಲದೆ ಕೈಸೇರಿದವು. ನಂದಿದುರ್ಗ ಹಾಗೆ ಬಗ್ಗಲಿಲ್ಲ. 1478 ಮೀಟರ್ ಎತ್ತರದ ಆ ಬೆಟ್ಟ ಬಹುಪಾಲು ಕಡಿದಾದ ಬಂಡೆ. ಏರಲು ಬರುವ ಒಂದು ಕಡೆಯಲ್ಲಿ ಬಲವಾದ ಗೋಡೆಗಳು. ಆಂಗ್ಲರು ಬಂಡೆಗಳ ನಡುವೆ ದಾರಿ ಕಡಿದು, ತೋಪುಗಳನ್ನು ಎಳೆದು ಏರಿಸಿ, ಗೋಡೆಗೆ ಎದುರಾಗಿ ಬತ್ತೇರಿಗಳನ್ನು ಕಟ್ಟಿದರು. ಸುಮಾರು ಮೂರು ವಾರಗಳ ದುಡಿಮೆಯ ಮೇಲೆ ಗೋಡೆಯಲ್ಲಿ ಎರಡು ಬಿರುಕುಗಳಾದವು. ಅಕ್ಟೋಬರ್ 19ರ ಬೆಳಗಿಗೆ ಮುನ್ನ ಬೆಳುದಿಂಗಳಿನಲ್ಲಿ ಲಗ್ಗೆ ನಡೆದು ದುರ್ಗ ಬಿದ್ದಿತು. ಲಗ್ಗೆಯಲ್ಲಿ ಏರಿಬಂದವರಿಗೆ ಹೆಚ್ಚಿನ ಗಾಯಗಳಾದದ್ದು ಮೇಲಿನಿಂದ ಉರುಳಿಸಿದ ಬಂಡೆಗಳಿಂದ ಎಂಬುದು ಗಮನಿಸಬೇಕಾದ ಸಂಗತಿ. ನಂದಿಯ ಕಲ್ಲು ನಂದಿಯನ್ನು ಕಾಯಲು ಕೊನೆಯವರೆಗೂ ಪ್ರಯತ್ನಿಸಿತು.

ಈ ಮುತ್ತಿಗೆಯಲ್ಲಿ ಮೂರು ವಾರಗಳು ವ್ಯಯವಾದದ್ದು ಯಾವುದಕ್ಕೆ? ತೋಪನ್ನು ಗೋಡೆ ಕಾಣುವ ಸ್ಥಳಕ್ಕೆ ಏರಿಸುವುದಕ್ಕೆ. ಗೋಲಂದಾಜನು ಗೋಡೆಯನ್ನು ಕಣ್ಣಿನಿಂದ ನೋಡಿದನು, ನಳಿಕೆಯನ್ನು ಅತ್ತ ತಿರುಗಿಸಿದನು, ಬತ್ತಿ ಮುಟ್ಟಿಸಿದನು. ನೋಡುವವನೂ ಹೊಡೆಯುವವನೂ ಒಬ್ಬನೇ. ಕಾಣದ ಗುರಿಗೆ ಹೊಡೆಯುವುದು ಅಂದಿನ ತೋಪಿಗೆ ಸಾಧ್ಯವಿರಲಿಲ್ಲ. ಗುಂಡನ್ನು ಎತ್ತರಕ್ಕೆ ಚಿಮ್ಮಿಸಿ ಗೋಡೆಯಾಚೆ ಕೆಡಹುವ ಮಾರ್ಟರುಗಳು ಇದ್ದವು, ನಿಜ. ಆದರೆ ಗುಂಡು ಬಿದ್ದದ್ದು ಎಲ್ಲಿ ಎಂಬುದು ಬಹುಮಟ್ಟಿಗೆ ಅಂದಾಜಿನ ಮಾತಾಗಿತ್ತು.

ಮೈಸೂರಿನವರ ಬಳಿ ರಾಕೆಟ್ಟುಗಳಿದ್ದವಲ್ಲ ಎಂದು ವಾಚಕರು ಕೇಳಿಯೇ ಕೇಳುವರು. ಇದ್ದವು, ಅವುಗಳನ್ನು ನಮ್ಮವರು 'ಬಾಣ'ವೆಂದೇ ಕರೆಯುತ್ತಿದ್ದರು. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ, ಬಿದಿರಿನ ಗಳಕ್ಕೆ ತೊಗಲಿನಿಂದ ಬಿಗಿದು ಹಾರಿಸುವ ಆಯುಧ. ಯೂರೋಪಿನಲ್ಲಿ ಆಗ ಕಾಗದದ ಕೊಳವೆಯ ಬಾಣಗಳೇ ರೂಢಿಯಲ್ಲಿದ್ದುದರಿಂದ ಕಬ್ಬಿಣದ ಕೊಳವೆ ದೊಡ್ಡ ಮುನ್ನಡೆ. ಮದ್ದಿನ ಒತ್ತಡವನ್ನು ಅದು ತಡೆಯುತ್ತಿತ್ತು, ಬಾಣ ದೂರ ಹೋಗುತ್ತಿತ್ತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರ ಹೂಳನ್ನೆತ್ತಿದಾಗ ಇಂಥ ಸಾವಿರದಷ್ಟು ಕೊಳವೆಗಳು ದೊರೆತುವು. ಆ ನಗರವೇ ಕೆಳದಿ ಅರಸರ ಬಿದನೂರು. ನಮ್ಮ ಗೌರಿಬಿದನೂರೆಂದು ಯಾರೂ ಭ್ರಮಿಸಬಾರದು. ಬಿದಿರಿನಿಂದ ಹೆಸರು ಪಡೆದು ವೇಣುಪುರವೆನಿಸಿಕೊಂಡ ಊರಿನಲ್ಲಿ ಬಿದಿರಿಗೆ ಕಟ್ಟುವ ಬಾಣಗಳು ಸಿಕ್ಕಿದ್ದು ಒಂದು ಯೋಗಾಯೋಗ.

ಅಮೆರಿಕದ ಒಂದು ರಾಕೆಟ್ ಕೇಂದ್ರದ ಗೋಡೆಯ ಮೇಲೆ ಟಿಪ್ಪುವಿನ ಸೈನಿಕರು ಬಾಣ ಹಾರಿಸುವ ಚಿತ್ರವನ್ನು ತಾವು ಕಂಡದ್ದನ್ನು ಅಬ್ದುಲ್ ಕಲಾಂ ಅವರು ಆತ್ಮಕಥೆಯಲ್ಲಿ ಬರೆದ ಮೇಲೆ, ಆ ಸಂಗತಿ ಹೇಳದ ಶಾಲಾ ಭಾಷಣವೇ ಇಲ್ಲವಾಗಿದೆ. ಹೆಮ್ಮೆ ಪಡುವುದು ತಪ್ಪಲ್ಲ. ಆದರೆ ಆಮೇಲೆ ನಡೆದದ್ದನ್ನು ಭಾಷಣಕಾರರು ಹೇಳುವುದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಆಂಗ್ಲರು ನಮ್ಮ ಬಾಣಗಳನ್ನು ವುಲಿಚ್ಚಿಗೆ ಒಯ್ದರು. ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬಾತನು 1804ರ ಸುಮಾರಿನಿಂದ ಅವುಗಳನ್ನು ಪರೀಕ್ಷಿಸಿ, ತೂಕವನ್ನು ಅಳೆದು, ದೂರವನ್ನು ಬರೆದಿಟ್ಟು ತನ್ನದೇ ರಾಕೆಟ್ಟುಗಳನ್ನು ನಿರ್ಮಿಸಿದನು. ನಮ್ಮಲ್ಲಿ ವಿದ್ಯೆ ರಾಜ್ಯದೊಡನೆ ಮುಗಿಯಿತು; ಅವರಲ್ಲಿ ಅದು ಲೆಕ್ಕದ ಪುಸ್ತಕವನ್ನು ಪ್ರವೇಶಿಸಿತು. ಇನ್ನೊಂದು ಮಾತು. 1800ರಲ್ಲಿಯೇ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದು ತ್ರಿಕೋಣಗಳ ಮೂಲಕ ದೇಶವನ್ನು ಅಳತೆಗೆ ತರುವ ಕಾರ್ಯವನ್ನು ಆರಂಭಿಸಿದ್ದನು. ನಂದಿಯನ್ನು ತೋಪಿನಿಂದ ಒಡೆದ ಒಂಬತ್ತೇ ವರ್ಷಗಳಲ್ಲಿ ಥಿಯೋಡೊಲೈಟ್ ಬಂದಿತು. ಎರಡನೆಯದು ಮೊದಲನೆಯದಕ್ಕಿಂತ ಬಲವಾದ ಆಯುಧವೆಂದು ನನಗೆ ತೋರುತ್ತದೆ.

ಈಗ ಪರೋಕ್ಷ ಪ್ರಹಾರವೆಂದರೇನೆಂಬುದನ್ನು ನಮ್ಮ ನೆಲದ ಮೇಲೆಯೇ ನಿಂತು ನೋಡೋಣ. ನಂದಿಬೆಟ್ಟದ ದೇವನಹಳ್ಳಿಯ ಕಡೆಯ ಬುಡದಲ್ಲಿ ಒಂದು ತೋಪು ಇದೆಯೆಂದು ಇಟ್ಟುಕೊಳ್ಳಿ. ಹೊಡೆಯಬೇಕಾದ ಗುರಿ ಬೆಟ್ಟದಾಚೆ, ಚಿಕ್ಕಬಳ್ಳಾಪುರದ ಕಡೆಯ ಬಯಲಿನಲ್ಲಿದೆ. ತೋಪಿನವನಿಗೆ ಕಾಣುವುದು ಬಂಡೆ ಮಾತ್ರ. ಬೆಟ್ಟದ ಮೇಲೆ ಒಬ್ಬ ವೀಕ್ಷಕ ಕುಳಿತಿದ್ದಾನೆ. ಅವನಿಗೆ ಗುರಿ ಕಾಣುತ್ತದೆ, ಅವನ ಬಳಿ ತೋಪಿಲ್ಲ. ಆತನು ಗುರಿಯ ದಿಕ್ಕನ್ನೂ ದೂರವನ್ನೂ ಅಳೆದು ಕೆಳಗಿನವರಿಗೆ ತಿಳಿಸುತ್ತಾನೆ. ನಡುವೆ ಒಬ್ಬ ಗಣಕನು ನಕ್ಷೆಯ ಮೇಲೆ ಮೂರು ಬಿಂದುಗಳನ್ನು ಗುರುತಿಸಿ, ನಳಿಕೆ ಯಾವ ದಿಕ್ಕಿಗೆ ತಿರುಗಬೇಕು, ಎಷ್ಟು ಎತ್ತರಕ್ಕೆ ಏಳಬೇಕು, ಎಷ್ಟು ಮದ್ದು ತುಂಬಬೇಕು ಎಂಬುದನ್ನು ಲೆಕ್ಕ ಹಾಕಿ ಹೇಳುತ್ತಾನೆ. ಮೊದಲ ಗುಂಡು ಬಿದ್ದ ಸ್ಥಳವನ್ನು ವೀಕ್ಷಕನು ನೋಡಿ ತಿದ್ದುಪಡಿ ಹೇಳುತ್ತಾನೆ. ಹೀಗೆ ಒಬ್ಬನ ಕೆಲಸ ಮೂವರಲ್ಲಿ ಹಂಚಿಹೋಯಿತು. 1904–05ರ ರಷ್ಯಾ–ಜಪಾನ್ ಯುದ್ಧದಲ್ಲಿ ಈ ವಿಧಾನದ ಪ್ರಾಬಲ್ಯ ಜಗತ್ತಿಗೆ ತಿಳಿಯಿತು. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಅದೇ ನಿಯಮವಾಯಿತು.

ತರ್ಕಶಾಸ್ತ್ರವನ್ನು ಓದಿದವರಿಗೆ ಇದು ಹೊಸದೆನಿಸಲಾರದು. ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿಯುಂಟೆಂದು ಅನುಮಾನಿಸುವ ದೃಷ್ಟಾಂತವನ್ನು ನಾವೆಲ್ಲ ಪಾಠಶಾಲೆಯ ಜಗುಲಿಯ ಮೇಲೆ ಉರುಹೊಡೆದವರೇ. ನಂದಿಯ ಮುತ್ತಿಗೆಯ ಗೋಲಂದಾಜನು ಪ್ರತ್ಯಕ್ಷ ಪ್ರಮಾಣವನ್ನು ನಂಬಿದನು. ಇಂದಿನ ಗೋಲಂದಾಜನಿಗೆ ಪ್ರತ್ಯಕ್ಷವೇ ಇಲ್ಲ. ಅವನಿಗಿರುವುದು ಗಣಕನ ಅನುಮಾನ ಪ್ರಮಾಣ ಮತ್ತು ವೀಕ್ಷಕನ ಶಬ್ದ ಪ್ರಮಾಣ. ವೀಕ್ಷಕನು ಆಪ್ತನಾಗಿರಬೇಕು, ಹೇತುವು ನಿರ್ದುಷ್ಟವಾಗಿರಬೇಕು. ಹೇತ್ವಾಭಾಸವಾದರೆ ವಾದದಲ್ಲಿ ಸೋಲುವುದು ಪಂಡಿತನ ಮಾನ, ರಣದಲ್ಲಿ ಹೋಗುವುದು ಯಾರದೋ ಪ್ರಾಣ.

ಲೆಕ್ಕವೂ ಸುಲಭವಾದದ್ದಲ್ಲ. 155 ಮಿಲಿಮೀಟರ್ ತೋಪಿನ ಒಂದು ಗುಂಡು ಸುಮಾರು 45 ಕಿಲೋಗ್ರಾಂ ತೂಗುತ್ತದೆ. ಮೂವತ್ತು ಕಿಲೋಮೀಟರ್ ದೂರ ಹೋಗಬೇಕಾದರೆ ಅದು ಒಂದು ನಿಮಿಷಕ್ಕೂ ಮಿಕ್ಕಿ ಆಕಾಶದಲ್ಲಿರುತ್ತದೆ. ಅಷ್ಟು ಹೊತ್ತಿನಲ್ಲಿ ಗಾಳಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಹವೆಯ ಸಾಂದ್ರತೆ ಅದನ್ನು ತಡೆಯುತ್ತದೆ. ಅದರ ಕೆಳಗೆ ಭೂಮಿಯೇ ತಿರುಗುತ್ತದೆ. ಮದ್ದು ಬಿಸಿಲಿನಲ್ಲಿ ಕಾದಿದ್ದರೆ ವೇಗ ಹೆಚ್ಚು, ಚಳಿಗೆ ತಣಿದಿದ್ದರೆ ಕಡಿಮೆ. ನಳಿಕೆ ಸವೆದಿದ್ದರೆ ಅದಕ್ಕೊಂದು ತಿದ್ದುಪಡಿ. ಬಯಲುಸೀಮೆಯ ಕೋಷ್ಟಕವನ್ನು ಹಿಡಿದು ಹಿಮಾಲಯದಲ್ಲಿ ಹೊಡೆದರೆ ತೆಳುವಾದ ಹವೆಯಲ್ಲಿ ಗುಂಡು ಗುರಿಯನ್ನು ದಾಟಿ ಹೋಗುತ್ತದೆ. ಕೋನವನ್ನು ಅಳೆಯಲು ನಾವು ಶಾಲೆಯಲ್ಲಿ ಕಲಿಸುವ 360 ಅಂಶಗಳೂ ಸಾಲವು. ಪಾಶ್ಚಾತ್ಯ ಪದ್ಧತಿಯ ಫಿರಂಗಿದಳಗಳು ವೃತ್ತವನ್ನು 6400 'ಮಿಲ್'ಗಳಾಗಿಯೂ ರಷ್ಯದವರು 6000 ಭಾಗಗಳಾಗಿಯೂ ವಿಂಗಡಿಸುತ್ತಾರೆ. ಒಂದು ಮಿಲ್ ತಪ್ಪಿದರೆ ಸಾವಿರ ಮೀಟರಿಗೆ ಸುಮಾರು ಒಂದು ಮೀಟರ್ ತಪ್ಪುತ್ತದೆ. ಹದಿನೈದು ವರ್ಷದ ಹುಡುಗನಿಗೆ ತ್ರಿಕೋಣಮಿತಿ ಏತಕ್ಕೆ ಎಂದು ಕೇಳುವ ಪೋಷಕರಿಗೆ ಗಣಿತದ ಉಪಾಧ್ಯಾಯರು ಕೊಡಬಹುದಾದ ಉತ್ತರ ಇಲ್ಲಿದೆ.

ಕಾಣದ ಗುರಿಯನ್ನು ಕಿವಿಯಿಂದ ಹುಡುಕುವ ವಿದ್ಯೆಯನ್ನು ನಮ್ಮ ಪುರಾಣಗಳು ಶಬ್ದವೇಧಿಯೆಂದು ಕರೆದಿವೆ. ಮೊದಲನೆಯ ಮಹಾಯುದ್ಧದಲ್ಲಿ ಅದೇ ವಿದ್ಯೆಯನ್ನು ಯಂತ್ರಕ್ಕೆ ಕಲಿಸಿದವರಲ್ಲಿ ಲಾರೆನ್ಸ್ ಬ್ರಾಗ್ ಮುಖ್ಯನು. ತಂದೆಯೊಡನೆ 1915ರ ನೊಬೆಲ್ ಬಹುಮಾನವನ್ನು ಪಡೆದಾಗ ಆತನ ವಯಸ್ಸು ಇಪ್ಪತ್ತೈದು; ಬಹುಮಾನದ ಸುದ್ದಿ ಬಂದಾಗ ಆತನು ಯುದ್ಧಭೂಮಿಯಲ್ಲಿ ಶತ್ರುವಿನ ತೋಪುಗಳ ಸದ್ದನ್ನು ಅಳೆಯುವ ಕೆಲಸದಲ್ಲಿದ್ದನು. ದೂರದೂರ ಇರಿಸಿದ ಹಲವು ಧ್ವನಿಗ್ರಾಹಕಗಳಿಗೆ ಒಂದೇ ಸದ್ದು ಬೇರೆ ಬೇರೆ ಕ್ಷಣಗಳಲ್ಲಿ ತಲಪುತ್ತದೆ. ಆ ಅಂತರಗಳಿಂದ ಸದ್ದು ಹುಟ್ಟಿದ ಸ್ಥಳವನ್ನು ಕಂಡುಹಿಡಿಯುವುದು ಆತನ ವಿಧಾನ.

ಈ ತತ್ತ್ವದ ಬಹುದೊಡ್ಡ ರೂಪವೊಂದು ನಮ್ಮ ಗೌರಿಬಿದನೂರಿನಲ್ಲಿಯೇ ಇದೆಯೆಂಬುದನ್ನು ಎಷ್ಟು ಉಪಾಧ್ಯಾಯರು ಮಕ್ಕಳಿಗೆ ಹೇಳಿದ್ದಾರೆ? ಭಾಭಾ ಅಣು ಸಂಶೋಧನಾ ಕೇಂದ್ರವು 1960ರ ದಶಕದಲ್ಲಿ ಅಲ್ಲಿ ಸ್ಥಾಪಿಸಿದ ಭೂಕಂಪಮಾಪಕಗಳ ವ್ಯೂಹವು ಇಂಗ್ಲಿಷಿನ 'ಎಲ್' ಅಕ್ಷರದಂತೆ ಎರಡು ತೋಳುಗಳನ್ನು ಚಾಚಿಕೊಂಡಿದೆ. ದೂರದೇಶದಲ್ಲಿ ಭೂಗರ್ಭದೊಳಗೆ ಅಣುಸ್ಫೋಟ ನಡೆದರೆ ಅದರ ಕಂಪನವನ್ನು ಹಿಡಿದು, ಸಹಜ ಭೂಕಂಪದಿಂದ ಅದನ್ನು ಬೇರ್ಪಡಿಸಿ, ದಿಕ್ಕನ್ನು ಹೇಳುವುದು ಅದರ ಕೆಲಸ. ಹುರುಳಿ ರಾಗಿ ಬೆಳೆಯುವ ಹೊಲಗಳ ನಡುವೆ ನೆಲಕ್ಕೆ ಕಿವಿಗೊಟ್ಟು ಕುಳಿತ ಈ ಯಂತ್ರಗಳು ಯಾರನ್ನೂ ಹೊಡೆಯುವುದಿಲ್ಲ, ಕೇಳುತ್ತವೆ ಅಷ್ಟೆ. ರೇಡಿಯೋ ದೂರದರ್ಶಕವನ್ನು ನೋಡಲು ಶಾಲಾ ಪ್ರವಾಸಗಳು ಹೋಗುವುದುಂಟು. ಇದರ ಬಗ್ಗೆ ಒಂದು ಪಾಠವನ್ನಾದರೂ ಮಾಡಬಾರದೆ?

ಈ ಕಣ್ಣುಕಿವಿಗಳಿಲ್ಲದೆ ಹೋದರೆ ಏನಾಗುವುದೆಂಬುದು 1999ರ ಕಾರ್ಗಿಲ್ ಯುದ್ಧದಲ್ಲಿ ಗೊತ್ತಾಯಿತು. ನಮ್ಮ ಫಿರಂಗಿದಳ ಅಲ್ಲಿ ಮೆರೆದದ್ದು ಸರ್ವವಿದಿತ. ಸುಮಾರು 2,50,000 ಗುಂಡುಗಳು, ಬಾಂಬುಗಳು, ರಾಕೆಟ್ಟುಗಳು ಹಾರಿದವು. ಬೋಫೋರ್ಸ್ ತೋಪುಗಳನ್ನು ಬೆಟ್ಟದ ಮೇಲಿನ ಬಂಕರುಗಳಿಗೆ ನೇರವಾಗಿ ಗುರಿಯಿಟ್ಟು ಹೊಡೆದದ್ದೂ ಉಂಟು, ಥೇಟು ನಂದಿಯ ಮುತ್ತಿಗೆಯಂತೆ. ಆದರೆ ಹಾರಿಬರುವ ಗುಂಡಿನ ಹಾದಿಯನ್ನು ಹಿಡಿದು ಅದನ್ನು ಸಿಡಿಸಿದ ತೋಪಿನ ತಾಣವನ್ನು ಹೇಳುವ ರೇಡಾರ್ ಶತ್ರುವಿನಲ್ಲಿತ್ತು, ಅಮೆರಿಕದಿಂದ ಪಡೆದದ್ದು, ನಮ್ಮಲ್ಲಿರಲಿಲ್ಲ. ನಮ್ಮವರು ಗುಂಡಿನ ಪೆಟ್ಟನ್ನು ತಿಂದರು, ಅದು ಎಲ್ಲಿಂದ ಬಂತೆಂದು ತಿಳಿಯಲು ತಡಕಾಡಿದರು. ಯುದ್ಧವಾದ ಮೇಲೆ ಅಂಥ ರೇಡಾರುಗಳನ್ನು ಹೊರಗಿನಿಂದ ಕೊಂಡದ್ದಾಯಿತು. ಜೊತೆಗೆ ಬೆಂಗಳೂರಿನ ರೇಡಾರ್ ಸಂಶೋಧನಾಲಯದಲ್ಲಿ ನಮ್ಮದೇ ಒಂದು ರೂಪುಗೊಂಡಿತು. ಅದರ ಹೆಸರು 'ಸ್ವಾತಿ'. ಅದನ್ನು ತಯಾರಿಸುವುದು ಭಾರತ್ ಎಲೆಕ್ಟ್ರಾನಿಕ್ಸ್. 2017ರಲ್ಲಿ ಅದು ವಿಧ್ಯುಕ್ತವಾಗಿ ಸೈನ್ಯಕ್ಕೆ ಹಸ್ತಾಂತರವಾಯಿತು; 2020ರಲ್ಲಿ ಅರ್ಮೇನಿಯ ದೇಶಕ್ಕೆ ಮಾರಾಟವಾಯಿತೆಂಬ ವಾರ್ತೆಯೂ ಬಂದಿತು. ಗುಂಡಿನ ಲೆಕ್ಕವನ್ನು ಕ್ಷಣಾರ್ಧದಲ್ಲಿ ಮಾಡಿ ತೋಪುಗಳಿಗೆ ಕಳುಹಿಸುವ 'ಶಕ್ತಿ' ಎಂಬ ಗಣಕವ್ಯವಸ್ಥೆಯ ತವರೂ ಬೆಂಗಳೂರೇ. ಚಿಕ್ಕಬಳ್ಳಾಪುರದಿಂದ ಅರವತ್ತು ಕಿಲೋಮೀಟರಿನಷ್ಟು ದೂರದಲ್ಲಿ ನಡೆಯುವ ಈ ಕೆಲಸದಲ್ಲಿ ನಮ್ಮ ಮಕ್ಕಳು ಕಾವಲುಗಾರರಾಗಿಯೂ ಬಸ್ ಚಾಲಕರಾಗಿಯೂ ಇದ್ದಾರೆ. ಆ ವೃತ್ತಿಗಳಲ್ಲಿ ಕೀಳೇನೂ ಇಲ್ಲ. ಪ್ರಯೋಗಾಲಯದ ಒಳಗೂ ಅವರು ಇರಬೇಕೆಂದು ಆಶಿಸುವುದು ಅತಿಯಾಸೆಯೂ ಅಲ್ಲ.

ತೋಪುಗಳ ವಿಚಾರಕ್ಕೆ ಬಂದರೆ ನಮ್ಮ ದೇಶದ ಕಥೆ ಖೇದಕರವಾದದ್ದು. 1986ರಲ್ಲಿ ಸ್ವೀಡನ್ನಿನಿಂದ 410 ಬೋಫೋರ್ಸ್ ತೋಪುಗಳ ಖರೀದಿಗೆ ಒಪ್ಪಂದವಾಯಿತು. ಮರುವರ್ಷವೇ ಲಂಚದ ಆರೋಪವೆದ್ದು ದೇಶವೇ ಅಲ್ಲಾಡಿತು. ಆಮೇಲೆ ಮೂವತ್ತು ವರ್ಷಗಳ ಕಾಲ, 2016ರವರೆಗೆ, ಹೊಸ 155 ಮಿಲಿಮೀಟರ್ ತೋಪಿನ ಖರೀದಿಗೆ ಒಪ್ಪಂದವಾಗಲೇ ಇಲ್ಲ. ಲಂಚ ಪಾಪವೆಂಬುದರಲ್ಲಿ ಸಂದೇಹವೇನಿದೆ? ಆದರೆ ಆಪಾದನೆಗೆ ಹೆದರಿ ಯಾವ ಕಡತಕ್ಕೂ ಸಹಿ ಹಾಕದೆ ಕುಳಿತುಕೊಳ್ಳುವುದು ಪುಣ್ಯವಲ್ಲ. ಅದರ ದಂಡವನ್ನು ತೆತ್ತವರು ಕಚೇರಿಯವರಲ್ಲ, ಗಡಿಯಲ್ಲಿದ್ದವರು. ಇನ್ನೂ ವಿಚಿತ್ರವೆಂದರೆ, ಬೋಫೋರ್ಸ್ ಒಪ್ಪಂದದ ಜೊತೆಗೇ ಅದನ್ನು ಇಲ್ಲಿಯೇ ತಯಾರಿಸಲು ಬೇಕಾದ ನಕ್ಷೆ ವಿವರಗಳು ನಮ್ಮ ಕೈಸೇರಿದ್ದವು. ಅಟ್ಟದ ಮೇಲಿನ ತಾಳೆಗರಿಗಳಂತೆ ಅವು ದೀರ್ಘಕಾಲ ಧೂಳು ತಿಂದವು. ಹಸ್ತಪ್ರತಿಗಳಿಗಾಗಿ ಮನೆಮನೆ ಅಲೆದ ನನ್ನಂಥವನಿಗೆ ಈ ರೋಗ ಪರಿಚಿತವಾದದ್ದೇ: ಇದೆಯೆಂಬುದೇ ಒಡೆಯನಿಗೆ ಮರೆತಿರುತ್ತದೆ. ಕೊನೆಗೆ ಆ ವಿವರಗಳನ್ನು ಕೈಗೆತ್ತಿಕೊಂಡು ಜಬಲ್ಪುರದ ಕಾರ್ಖಾನೆಯವರು 'ಧನುಷ್' ತೋಪನ್ನು ನಿರ್ಮಿಸಿದರು. ಮೊದಲ ಆರು 2019ರಲ್ಲಿ ಸೈನ್ಯವನ್ನು ಸೇರಿದವು.

ಈಚಿನ ವರ್ಷಗಳಲ್ಲಿ ಚುರುಕು ಕಾಣುತ್ತಿದೆ. ಕೊರಿಯದ ಮೂಲದ 'ವಜ್ರ' ತೋಪುಗಳು ಗುಜರಾತಿನ ಹಜೀರದಲ್ಲಿ ತಯಾರಾಗುತ್ತಿವೆ. ನಮ್ಮವರೇ ರಚಿಸಿದ, ನಲವತ್ತು ಕಿಲೋಮೀಟರಿಗೂ ಆಚೆ ಹೊಡೆಯಬಲ್ಲ 307 ಎಳೆಯುವ ತೋಪುಗಳಿಗೆ 2025ರ ಮಾರ್ಚಿಯಲ್ಲಿ ಒಪ್ಪಂದವಾಯಿತು. ಕಾರ್ಗಿಲಿನಲ್ಲಿ ಮೊದಲು ಪರೀಕ್ಷೆಗೊಳಗಾದ 'ಪಿನಾಕ' ರಾಕೆಟ್ ವ್ಯವಸ್ಥೆಯ ಒಂದು ವಾಹನ 44 ಸೆಕೆಂಡುಗಳಲ್ಲಿ 12 ರಾಕೆಟ್ಟುಗಳನ್ನು ಹಾರಿಸುತ್ತದೆ. ಈಗ ಅವುಗಳಿಗೆ ದಾರಿ ತೋರುವ ಸಾಧನಗಳನ್ನೂ ಅಳವಡಿಸಲಾಗಿದೆ. ಶಿವನ ಧನುಸ್ಸಿನ ಹೆಸರನ್ನು ಬಾಣಗಳ ಗುಂಪಿಗೆ ಇಟ್ಟದ್ದು ವ್ಯಾಕರಣಕ್ಕೆ ಅಷ್ಟು ಒಪ್ಪದಿದ್ದರೂ ಕಿವಿಗೆ ಹಿತವಾಗಿದೆ. ಆದರೆ ಇವೆಲ್ಲದರ ನಡುವೆ ಗುಂಡುಗಳ ದಾಸ್ತಾನು ಮರೆಯಬಾರದು. ಮದ್ದುಗುಂಡಿನ ಕೊರತೆಯನ್ನು ಮಹಾಲೇಖಪಾಲರ ವರದಿಗಳು 2015ರಲ್ಲಿಯೂ 2017ರಲ್ಲಿಯೂ ಎತ್ತಿ ತೋರಿಸಿದ್ದವು. 2022ರಲ್ಲಿ ಆರಂಭವಾದ ಉಕ್ರೇನಿನ ಯುದ್ಧದಲ್ಲಿ ಐಶ್ವರ್ಯವಂತ ಯೂರೋಪಿನ ಕಾರ್ಖಾನೆಗಳೇ ಗುಂಡು ಒದಗಿಸಲಾರದೆ ಏದುಸಿರು ಬಿಟ್ಟುದನ್ನು ನಾವೆಲ್ಲ ಓದಿದ್ದೇವೆ. ಅದೇ ಯುದ್ಧದಲ್ಲಿ ಅಂಗೈಯಗಲದ ಡ್ರೋನುಗಳು ಬೆಟ್ಟದ ಮೇಲಿನ ವೀಕ್ಷಕನ ಸ್ಥಾನವನ್ನು ಆಕ್ರಮಿಸಿಕೊಂಡವು.

ಶಿಡ್ಲಘಟ್ಟದವರು ತಮಗೂ ತೋಪಿಗೂ ಏನು ಸಂಬಂಧವೆನ್ನಬಹುದು. ಹಿಂದಿನ ದೊಡ್ಡ ತೋಪುಗಳಿಗೆ ಮದ್ದನ್ನು ಚೀಲಗಳಲ್ಲಿ ಕಟ್ಟಿ ತುಂಬುತ್ತಿದ್ದರು. ಚೀಲ ಹತ್ತಿಬಟ್ಟೆಯದಾದರೆ ಸಿಡಿದ ಮೇಲೆ ಅದರ ಚೂರು ಕೆಂಡವಾಗಿ ನಳಿಕೆಯಲ್ಲಿ ಉಳಿಯುತ್ತದೆ. ಮುಂದಿನ ಚೀಲವನ್ನು ನೂಕುತ್ತಲೇ ಅದು ಹೊತ್ತಿಕೊಂಡು ನೂಕಿದವನನ್ನೇ ಕೊಲ್ಲುತ್ತದೆ. ರೇಷ್ಮೆಯಾದರೋ ಕೆಂಡವುಳಿಸದೆ ಉರಿದುಹೋಗುತ್ತದೆ. ಅದಕ್ಕಾಗಿ ನೂಲು ಬಿಚ್ಚುವಾಗ ಉಳಿಯುವ ಕೀಳುದರ್ಜೆಯ ಎಳೆಗಳಿಂದ ನೇಯ್ದ ರೇಷ್ಮೆಬಟ್ಟೆಯ ಚೀಲಗಳು ಜಗತ್ತಿನ ಸೈನ್ಯಗಳಲ್ಲಿ ಬಳಕೆಯಲ್ಲಿದ್ದವು. ಈಗ ಪೂರ್ತಿಯಾಗಿ ಉರಿದುಹೋಗುವ ಗಟ್ಟಿಕೋಶಗಳು ಬಂದಿವೆ. ಗೂಡು ಮಾರುಕಟ್ಟೆಯ ಗದ್ದಲದ ನಡುವೆ ಕುಳಿತವರಿಗೆ ಒಂದು ಎಳೆಯ ಗುಣ ಎಲ್ಲಿಯವರೆಗೆ ಹೋಗಬಲ್ಲದೆಂಬುದು ತಿಳಿದಿರಲಿ ಎಂದು ಇಷ್ಟು ಬರೆದೆ.

ನನ್ನ ಸ್ವಂತ ಕ್ಷೇತ್ರವಾದ ಭಾಷೆಯ ವಿಷಯವಾಗಿ ಒಂದು ಮಾತು ಹೇಳದೆ ಇರಲಾರೆ. ಪರೋಕ್ಷ ಪ್ರಹಾರದ ಮೂವರನ್ನು ಬೆಸೆಯುವುದು ನುಡಿ. ಆಂಗ್ಲ ಪದ್ಧತಿಯ ಫಿರಂಗಿದಳಗಳಲ್ಲಿ ನಿಸ್ತಂತುವಿನ ಮೂಲಕ ಮಾತನಾಡುವಾಗ, ಹೇಳಿದ್ದು ಕೇಳಿಸಲಿಲ್ಲವೆಂದರೆ 'ರಿಪೀಟ್' ಎನ್ನಬಾರದು, 'ಸೇ ಎಗೇನ್' ಎನ್ನಬೇಕು. ಏಕೆಂದರೆ ಅವರ ಪರಿಭಾಷೆಯಲ್ಲಿ ರಿಪೀಟ್ ಎಂದರೆ ಮತ್ತೊಮ್ಮೆ ಗುಂಡು ಹಾರಿಸು ಎಂದರ್ಥ. ನಿಘಂಟಿನಲ್ಲಿ ಸಮಾನಾರ್ಥಕವೆನಿಸಿದ ಎರಡು ಮಾತುಗಳಲ್ಲಿ ಒಂದು ಬರಿಯ ಪ್ರಶ್ನೆ, ಇನ್ನೊಂದು ಸಾವು. ವಿದ್ಯಾರ್ಥಿಗಳಿಗೆ ವಾಕ್ಯಶುದ್ಧಿಯನ್ನು ಬೋಧಿಸುವಾಗ 'ಅರ್ಥವಾದರೆ ಸಾಕಲ್ಲ ಗುರುಗಳೇ' ಎನ್ನುವವರಿಗೆ ನಾನು ಈ ಉದಾಹರಣೆಯನ್ನು ಕೊಡುತ್ತ ಬಂದಿದ್ದೇನೆ.

ಇಷ್ಟು ಹೇಳಿದ ಮೇಲೆ ಶಬ್ದವೇಧಿಯ ಕಥೆಯ ಉಳಿದ ಭಾಗವನ್ನೂ ಹೇಳಬೇಕು. ದಶರಥನು ಆ ವಿದ್ಯೆಯಲ್ಲಿ ಪಾರಂಗತನೇ. ಅವನ ಕಿವಿ ತಪ್ಪಲಿಲ್ಲ, ಬಾಣ ತಪ್ಪಲಿಲ್ಲ. ಸದ್ದು ಎಲ್ಲಿಂದ ಬಂತೋ ಅಲ್ಲಿಗೇ ಬಾಣ ಹೋಯಿತು. ತಪ್ಪಿದ್ದು ಆನೆಯೆಂಬ ಅನುಮಾನ. ಅಂಧರಾದ ತಾಯ್ತಂದೆಗಳಿಗೆ ನೀರು ತುಂಬುತ್ತಿದ್ದ ಬಾಲಕನು ಸತ್ತನು. ಗುರಿ ಸರಿಯಾಗಿದ್ದರೂ ಕೃತ್ಯ ತಪ್ಪಾಗಬಹುದೆಂಬ ಈ ಸೂಕ್ಷ್ಮವನ್ನು ಆದಿಕವಿ ಅಷ್ಟು ಹಿಂದೆಯೇ ಕಂಡಿದ್ದನು. 2025ರ ಮೇ ತಿಂಗಳಲ್ಲಿ ಗಡಿಯಾಚೆಯಿಂದ ಬಂದ ಗುಂಡುಗಳು ಪೂಂಛ್ ಪಟ್ಟಣದ ಮನೆಗಳ ಮೇಲೆ ಬಿದ್ದು ಮಕ್ಕಳೂ ಸೇರಿ ಹಲವು ಮಂದಿ ನಾಗರಿಕರು ಮಡಿದರು. ಬೆಟ್ಟದಾಚೆ ನಿಂತು ಹೊಡೆದವರಿಗೆ ಆ ಮನೆಗಳು ಕಾಣುತ್ತಿರಲಿಲ್ಲ. ಅಥವಾ ಕಾಣುವ ಇಚ್ಛೆ ಇರಲಿಲ್ಲ. ಒಳ್ಳೆಯ ರೇಡಾರು, ಒಳ್ಳೆಯ ನಕ್ಷೆ, ನಿಖರವಾದ ಗುಂಡು ಇವುಗಳನ್ನು ನಾನು ಸಮರ್ಥಿಸುವುದು ಶತ್ರುವನ್ನು ಹೆಚ್ಚು ಕೊಲ್ಲಲಿ ಎಂದಲ್ಲ. ಹತ್ತು ಗುಂಡಿನ ಕೆಲಸ ಒಂದರಲ್ಲಿ ಮುಗಿದರೆ ಉಳಿದ ಒಂಬತ್ತು ಯಾರದೋ ಅಂಗಳದಲ್ಲಿ ಬೀಳುವುದು ತಪ್ಪುತ್ತದೆ. ಆದರೆ ಕಣ್ಣು ಯಂತ್ರದ್ದಾದಷ್ಟೂ ತಾನು ಕಾಣುತ್ತಿರುವುದು ಆನೆಯೋ ಬಾಲಕನೋ ಎಂದು ನಿರ್ಧರಿಸುವ ಹೊಣೆ ಮನುಷ್ಯನ ಮೇಲೆ ಹೆಚ್ಚು ಭಾರವಾಗಿ ಬೀಳುತ್ತದೆ. ಆ ನಿರ್ಧಾರವನ್ನೂ ಯಂತ್ರಕ್ಕೆ ಒಪ್ಪಿಸಬಹುದೆಂಬ ವಾದ ಇಂದು ಕೇಳಿಬರುತ್ತಿದೆ. ನಾನು ಅದನ್ನು ಒಪ್ಪಲಾರೆ. ಶಾಪವನ್ನು ಸ್ವೀಕರಿಸಲು ಒಬ್ಬ ದಶರಥನಾದರೂ ಇರಬೇಕು.

ವಿದ್ಯಾಸಂಸ್ಥೆಯ ಮುಂದೆ ಹೀಗೆ ಆಯುಧಗಳನ್ನು ಕುರಿತು ಬರೆಯುವುದೇ ಅನುಚಿತವೆನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ಭಾವನೆಯನ್ನು ಗೌರವಿಸುತ್ತೇನೆ. ಅವರಿಗೆ ವಿರುದ್ಧವಾಗಿ, ಶಾಲೆಯ ಬಾಗಿಲಿನಲ್ಲಿ ಸೈನ್ಯವು ಕೈಬಿಟ್ಟ ಹಳೆಯ ತೋಪೊಂದನ್ನು ತಂದು ನಿಲ್ಲಿಸಬೇಕೆಂದೂ ಅದಕ್ಕೆ ಕಟ್ಟೆ ಕಟ್ಟಿಸುವ ಖರ್ಚನ್ನು ತಾವೇ ಭರಿಸುವುದಾಗಿಯೂ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಹೇಳುತ್ತಿದ್ದಾರೆ. ಅವರ ಉತ್ಸಾಹ ಮೆಚ್ಚತಕ್ಕದ್ದೇ. ಆದರೂ ಅವರಲ್ಲಿ ನನ್ನ ವಿನಂತಿ ಬೇರೆ. ಕಟ್ಟೆಯ ಮೇಲಿನ ತೋಪಿಗೆ ಮಕ್ಕಳು ಒರಗಿ ನಿಂತು ಚಿತ್ರ ತೆಗೆಸಿಕೊಳ್ಳುವರು. ಮಳೆಗಾಲದಲ್ಲಿ ಅದಕ್ಕೆ ಬಣ್ಣ ಬಳಿಯಬೇಕಾಗುವುದು. ಅದೇ ಹಣದಲ್ಲಿ ಎರಡು ಥಿಯೋಡೊಲೈಟ್‌ಗಳನ್ನೂ ಅಳತೆಯ ಸರಪಣಿಗಳನ್ನೂ ಸರ್ವೆ ಇಲಾಖೆಯ ನಮ್ಮ ಸೀಮೆಯ ನಕ್ಷೆಗಳನ್ನೂ ಕೊಳ್ಳಬಹುದು. ಒಂಬತ್ತನೆಯ ತರಗತಿಯವರನ್ನು ಬೇಸಿಗೆಗೆ ಮುನ್ನ ಒಂದು ದಿನ ಬಯಲಿಗೆ ಕರೆದೊಯ್ಯಲಿ. ಎರಡು ಕಡೆ ನಿಂತು ನಂದಿಯ ಶಿಖರಕ್ಕೆ ಕೋನ ಹಿಡಿದು, ನಡುವಣ ದೂರವನ್ನು ಸರಪಣಿಯಿಂದ ಅಳೆದು, ಬೆಟ್ಟದ ಎತ್ತರವನ್ನು ತಾವೇ ಕಂಡುಹಿಡಿಯಲಿ. ಅದಕ್ಕೆ ತಾವು ನಿಂತ ನೆಲದ ಸಮುದ್ರಮಟ್ಟದಿಂದಾದ ಎತ್ತರವನ್ನು ಕೂಡಿಸಿ, ಉತ್ತರವನ್ನು 1478 ಎಂಬ ಸಂಖ್ಯೆಯೊಡನೆ ಹೋಲಿಸಿ, ಎಷ್ಟು ಮೀಟರ್ ತಪ್ಪಿತು, ಏಕೆ ತಪ್ಪಿತು ಎಂಬುದನ್ನು ಶುದ್ಧವಾದ ಕನ್ನಡದಲ್ಲಿ ಒಂದು ಪುಟ ಬರೆಯಲಿ. ಆ ಪುಟಗಳನ್ನು ತಿದ್ದಲು ನಾನು ಸಿದ್ಧನಿದ್ದೇನೆ. ಅಂಕಗಳಲ್ಲಿ ಅರ್ಧವನ್ನು ಗಣಿತದ ಉಪಾಧ್ಯಾಯರು ಕೊಡಲಿ.